ದಬ್ಬಳದಕ್ಕನ ಬೆಟ್ಟ

ಟಾರ್ಪಾಲಿನ್ ಹೊಲಿಯುವ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ದಬ್ಬಳದಕ್ಕ ಎಂದೇ. ಗೋಣಿಚೀಲದ ಬಾಯಿ ಹೊಲಿಯುವ ದಪ್ಪ ಸೂಜಿಗೆ ದಬ್ಬಳ ಎನ್ನುತ್ತಾರಲ್ಲ, ಅದು ಅವಳ ತೋಳಿನ ಬಟ್ಟೆಗೆ ಸದಾ ಚುಚ್ಚಿಕೊಂಡೇ ಇರುತ್ತಿತ್ತು. ಲಾರಿಯ ಹೊದಿಕೆ, ಬೈಕಿನ ಸೀಟು, ಅಂಗಡಿಗಳ ಮುಂದಿನ ಬಿಸಿಲುಮರೆ, ಹರಿದ ಟೆಂಟು, ಪಟ್ಟಿ ಕಿತ್ತ ಬ್ಯಾಗು, ಎಲ್ಲವೂ ಅವಳ ಮುಂದೆ ಬಂದು ಬೀಳುತ್ತಿದ್ದವು. ಮಿಷನ್ನಿಗೆ ಬಗ್ಗದ ಮೂಲೆಗಳನ್ನು ಕೈಯಲ್ಲಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಹಳೆಯ ಹೊಲಿಗೆಯ ತೂತುಗಳಲ್ಲೇ ಹೊಸ ದಾರ ಹಾಯಿಸುತ್ತಿದ್ದಳು. ಬಟ್ಟೆಗೆ ಒಂದೇ ಒಂದು ಹೊಸ ತೂತು ಬೀಳುತ್ತಿರಲಿಲ್ಲ.

ಇದರಿಂದ ಅಂಗಡಿಗೆ ತಾಪತ್ರಯವೇ ಹೆಚ್ಚು. ಗಿರಾಕಿಗಳು ಬ್ಯಾಗನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಹೊಲಿದೇ ಇಲ್ಲವಲ್ಲ ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಮಾಲೀಕ ತಲೆ ಚಚ್ಚಿಕೊಳ್ಳುತ್ತಿದ್ದ. "ಒಂದು ಕಡೆನಾದ್ರೂ ಹೊಲಿಗೆ ಕಾಣೋ ಹಾಗೆ ಬಿಡಮ್ಮ. ಮಾಡಿದ್ದು ಕಾಣದೇ ಇದ್ರೆ ಮಾಡೇ ಇಲ್ಲ ಅಂತಾರೆ ಜನ," ಎಂದು ಅವನು ಹೇಳಿ ಹೇಳಿ ಸಾಕಾಗಿದ್ದ. ಅವಳು ಹೂಂಗುಟ್ಟಿ ಮತ್ತೆ ಅದನ್ನೇ ಮಾಡುತ್ತಿದ್ದಳು. ಅದೊಂದೇ ಅವಳ ಸೊಕ್ಕು. ಬೇರೆ ಸೊಕ್ಕು ಪಡಲು ಮನೆಯಲ್ಲಿ ಜಾಗವಿರಲಿಲ್ಲ.

ಮನೆಯಲ್ಲಿದ್ದ ಜಾಗವನ್ನೆಲ್ಲ ಗಂಡ ತುಂಬಿಕೊಂಡಿದ್ದ. ಅವನು ಲಿಫ್ಟು ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡವೊಂದರ ಲಿಫ್ಟುಗಳು ಅವನ ಸುಪರ್ದಿಯಲ್ಲಿದ್ದವು. ಲಿಫ್ಟು ಅಳತೆ ಮೀರಿದ ವೇಗದಲ್ಲಿ ಇಳಿದರೆ ಹಿಡಿದು ನಿಲ್ಲಿಸಲು ಮೇಲ್ಗಡೆ ಒಂದು ಚಕ್ರವಿರುತ್ತದೆ. ಅದನ್ನು ಹದ ಮಾಡಿದ ಮೇಲೆ ಯಾರೂ ಕೈಯಾಡಿಸದಂತೆ ತಂತಿ ಪೋಣಿಸಿ, ಸೀಸದ ಬಿಲ್ಲೆ ತೂರಿಸಿ, ಇಕ್ಕಳದಿಂದ ಅಮುಕಿ ಸೀಲು ಒತ್ತುತ್ತಾರೆ. ಆ ಇಕ್ಕಳವನ್ನು ಅವನು ಮನೆಗೂ ತರುತ್ತಿದ್ದ. ಕರೆಂಟಿನ ಡಬ್ಬಕ್ಕೆ ಸೀಲು, ಕಪಾಟಿಗೆ ಸೀಲು, ಒಂದು ಸಲ ಸಕ್ಕರೆ ಡಬ್ಬಿಗೂ ಸೀಲು. ಬೆನ್ನ ಹಿಂದೆ ಜನ ಅವನನ್ನು ಸೀಲಣ್ಣ ಎನ್ನುತ್ತಿದ್ದರು. ಗಂಡ ಹೆಂಡತಿಗೆ ಮಕ್ಕಳಾಗಿರಲಿಲ್ಲ. ತಪ್ಪು ಯಾರದೆಂದು ಯಾವ ಡಾಕ್ಟರನ್ನೂ ಕೇಳದೆ ಅವನು ಅವಳ ಮೇಲೆ ಎಂದೋ ಸೀಲು ಒತ್ತಿ ಮುಗಿಸಿದ್ದ. ಅವಳು ಅದನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು. ಹಾಕಿಕೊಂಡದ್ದು ಅಲ್ಲಿ ಕರಗಿತ್ತು ಎಂದು ಮಾತ್ರ ಯಾರೂ ತಿಳಿಯಬಾರದು.

ಬೆಟ್ಟದ ಹುಚ್ಚು ಅವಳಿಗೆ ಹಿಡಿದದ್ದು ಅಂಗಡಿಯಲ್ಲೇ. ರಿಪೇರಿಗೆ ಬರುವ ಟೆಂಟುಗಳ ಮಡಿಕೆಯಲ್ಲಿ ಒಣಹುಲ್ಲು ಸಿಕ್ಕಿರುತ್ತಿತ್ತು. ಬ್ಯಾಗಿನ ತಳದಲ್ಲಿ ಕರಿಯ ಮರಳು ಇರುತ್ತಿತ್ತು. ಅವಳು ಅದನ್ನು ಝಾಡಿಸುವ ಮೊದಲು ಮೂಸಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅವಳಷ್ಟೇ ವಯಸ್ಸಿನ, ಬಿಸಿಲಿಗೆ ಮೂಗಿನ ಮೇಲಿನ ಚರ್ಮ ಸುಲಿದ ಹೆಂಗಸೊಬ್ಬಳು ಬ್ಯಾಗಿನ ಹೆಗಲುಪಟ್ಟಿ ಹೊಲಿಸಲು ಬಂದಳು. ಹೊಲಿದು ಮುಗಿಯುವವರೆಗೆ ಕೂತು ತಾನು ನಡೆದು ಬಂದ ದಾರಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದಳು. ಈ ಕಡೆ ಕಣಿವೆ. ಆಮೇಲೆ ಕಾಡಿನ ಏರು. ಆಮೇಲೆ ಬರೀ ಬಂಡೆ. ಬಂಡೆ ಮುಗಿದಲ್ಲಿ ಒಂದು ಕೆರೆ, ಕೆರೆಯ ಮೇಲೆ ಎರಡು ಶಿಖರಗಳ ನಡುವೆ ಒಂದು ಕಂಡಿ. ಕಂಡಿಯಲ್ಲಿ ನಿಂತರೆ ಎರಡು ಕಡೆಯ ಜಗತ್ತೂ ಕಾಣುತ್ತದಂತೆ. ಇಳಿದರೆ ಬೇರೆ ಕಣಿವೆ, ಬೇರೆ ಊರು. ಬೆನ್ನ ಮೇಲೆ ಮನೆ ಹೊತ್ತುಕೊಂಡು ಒಂದು ವಾರದ ನಡಿಗೆ.

ಆ ಹೆಂಗಸು ಹೋದ ಮೇಲೂ ಆ ಗೀಟು ಮೇಜಿನ ಮೇಲಿತ್ತು. ದಬ್ಬಳದಕ್ಕ ಅದನ್ನು ಒರೆಸದೆ, ಬಟ್ಟೆಯನ್ನು ಆಚೆ ಈಚೆ ಸರಿಸಿ ಎಷ್ಟೋ ದಿನ ಕೆಲಸ ಮಾಡಿದಳು. ಕೊನೆಗೆ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಗಂಡನಿಗೆ ಹೇಳಿದಳು. ಅವನು ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ. ಅವಳ ಮಂಡಿಯ ಬಗ್ಗೆ ಒಂದು ಮಾತು, ಅವಳ ತೂಕದ ಬಗ್ಗೆ ಒಂದು ಮಾತು ಆಡಿ, ಬಸ್ ಸ್ಟಾಪಿನವರೆಗೆ ನಡೆದು ತೋರಿಸು ಮೊದಲು ಎಂದು ತಟ್ಟೆಯಲ್ಲೇ ಕೈ ತೊಳೆದ. ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಮುಗಿದಿರಲಿಲ್ಲ. ಮುಂದಿನ ವಾರ ಅವನ ತಂಗಿ, ತಂಗಿಯ ಗಂಡ ಮನೆಗೆ ಬಂದಿದ್ದಾಗ ಅವನು ಕುರ್ಚಿಯಲ್ಲಿ ಹಿಂದಕ್ಕೊರಗಿ, ನನಗೊಂದು ಯೋಚನೆ ಬಂದಿದೆ ಎಂದು ಶುರುಮಾಡಿದ. ಕಣಿವೆ, ಕಾಡು, ಬಂಡೆ, ಕೆರೆ, ಕಂಡಿ, ಎಲ್ಲವೂ ಅವನ ಬಾಯಿಂದ ಉದುರಿದವು. ಇವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬೇಸರವಾಯಿತು. ಆದರೂ ಹೋಗುವುದಂತೂ ಆಯಿತಲ್ಲ, ಯಾರ ಯೋಚನೆಯಾದರೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತಂಗಿ ಶಾಲೆಯಲ್ಲಿ ಡ್ರಿಲ್ ಟೀಚರು, ಕುಣಿದಾಡಿಬಿಟ್ಟಳು. ಅವಳ ಗಂಡ ಬಸ್ಸು ಡ್ರೈವರು, ಎಲ್ಲರನ್ನೂ ನಗಿಸಿಕೊಂಡಿರುವ ಆಸಾಮಿ. ನಡೆಯೋಕೆ ಅಂತ ರಜೆ ಹಾಕೋ ಡ್ರೈವರು ನಾನೊಬ್ಬನೇ ಇರಬೇಕು ಎಂದ. ನಾಲ್ಕು ಜನರ ತಂಡವಾಯಿತು.

ಅಲ್ಲಿಂದ ಮುಂದೆ ಮನೆ ಮನೆಯಾಗಿ ಉಳಿಯಲಿಲ್ಲ. ಸೀಲಣ್ಣ ನಡುಮನೆಯ ಗೋಡೆಯ ಮೇಲೆ ದಾರಿಯ ಏರಿಳಿತವನ್ನು ಲಿಫ್ಟಿನ ಬಾವಿಯ ಹಾಗೆ ನೆಟ್ಟಗೆ ಬರೆದ. ಕಣಿವೆ ಗ್ರೌಂಡ್ ಫ್ಲೋರು, ಕಂಡಿ ಟೆರೇಸು, ನಡುವೆ ಟೆಂಟು ಹಾಕುವ ಜಾಗಗಳೆಲ್ಲ ಮಹಡಿಗಳು. ನೀರು ಎಲ್ಲಿ ಸಿಗುತ್ತದೆ, ಫೋನು ಎಲ್ಲಿಯವರೆಗೆ ಹತ್ತುತ್ತದೆ, ಯಾರಿಗಾದರೂ ತಲೆಸುತ್ತು ಬಂದರೆ ಯಾವ ಅಡ್ಡದಾರಿಯಲ್ಲಿ ಇಳಿಸಬೇಕು ಎಂದು ಹೋಗಿ ಬಂದವರನ್ನೆಲ್ಲ ಹಿಡಿದು ಹಿಡಿದು ಕೇಳಿದ. ಒಂದೊಂದು ಹೊತ್ತಿನ ಊಟಕ್ಕೆ ಒಂದೊಂದು ಪೊಟ್ಟಣ. ಟೆಂಟು ಒಬ್ಬರಿಗೆ, ಅದರ ಕಂಬಿಗಳು ಇನ್ನೊಬ್ಬರಿಗೆ, ಒಲೆ ಮತ್ತೊಬ್ಬರಿಗೆ. ತೂಕ ಉಳಿಸಲು ಹಲ್ಲುಜ್ಜುವ ಬ್ರಷ್ಷುಗಳ ಹಿಡಿಯನ್ನು ಅರ್ಧಕ್ಕೆ ಗರಗಸದಲ್ಲಿ ಕೊಯ್ದ. ಆ ಅರ್ಧ ಬ್ರಷ್ಷಿನಲ್ಲೇ ಅವಳು ಅಂದಿನಿಂದ ಮನೆಯಲ್ಲೂ ಹಲ್ಲುಜ್ಜಬೇಕಾಯಿತು. ಅವನದು ಮಾತ್ರ ಇಡಿಯಾಗಿಯೇ ಇತ್ತು. ನಾಯಕನ ಕೈ ದೊಡ್ಡದು ಎಂದ.

ಬ್ಯಾಗುಗಳನ್ನು ಹೊಲಿದದ್ದು ಅವಳೇ. ಅಂಗಡಿಯಲ್ಲಿ ಉಳಿದ ಗಟ್ಟಿ ಬಟ್ಟೆಯನ್ನು ಮಾಲೀಕನಿಂದ ಕೇಳಿ ಪಡೆದು, ಕೆಲಸ ಮುಗಿದ ಮೇಲೆ ಕೂತು, ನಾಲ್ವರ ಬೆನ್ನಿನ ಅಳತೆಗೂ ಒಂದೊಂದು ಹೊಲಿದಳು. ತನ್ನದನ್ನು ಕೊನೆಗೆ ಹೊಲಿದಳು. ಅದಕ್ಕೆ ಒಳಗಡೆ ಒಂದು ಪುಟ್ಟ ಜೇಬು ಇಟ್ಟಳು. ಕಂಡಿಯ ಮೇಲಿನ ಒಂದು ಕಲ್ಲನ್ನು ಅದರಲ್ಲಿ ತರಬೇಕು ಎಂಬ ಆಸೆ. ಈ ಜೇಬು ಯಾಕೆ ಎಂದು ಅವನು ಕೇಳಿದಾಗ ಕರವಸ್ತ್ರಕ್ಕೆ ಎಂದು ಸುಳ್ಳು ಹೇಳಿದಳು.

ಊರಿನ ಸುತ್ತ ಏರೆಂಬುದೇ ಇರಲಿಲ್ಲ. ಹಾಗಾಗಿ ಅಭ್ಯಾಸವೆಲ್ಲ ಸೀಲಣ್ಣನ ಕಟ್ಟಡದ ಮೆಟ್ಟಿಲುಗಳ ಮೇಲೆ. ಭಾನುವಾರ ಬೆಳಿಗ್ಗೆ ಬ್ಯಾಗಿನ ತುಂಬ ನೀರಿನ ಬಾಟಲಿ ಹೊತ್ತು ತಾರಸಿಯವರೆಗೆ ಹತ್ತುವುದು, ಮೇಲೆ ನೀರು ಚೆಲ್ಲಿ ಹಗುರಾಗಿ ಇಳಿಯುವುದು, ಕೆಳಗೆ ಮತ್ತೆ ತುಂಬಿಸಿಕೊಳ್ಳುವುದು. ಇಳಿಯುವಾಗ ಭಾರವಿಲ್ಲದಿದ್ದರೆ ಮಂಡಿ ಉಳಿಯುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ಎರಡನೇ ವಾರವೇ ಡ್ರೈವರು ಮೂರನೇ ಮಹಡಿಯ ಹೂಕುಂಡದ ಹಿಂದೆ ಬಾಟಲಿಗಳನ್ನು ಬಚ್ಚಿಟ್ಟು, ಖಾಲಿ ಬ್ಯಾಗು ಹೊತ್ತು ಸಿಳ್ಳೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ತಾರಸಿ ಮುಟ್ಟಿದ. ಎಲ್ಲರೂ ನಕ್ಕರು. ಸೀಲಣ್ಣ ನಗಲಿಲ್ಲ. ಮುಂದಿನ ವಾರದಿಂದ ಹೊಸ ಕಾನೂನು ಬಂತು. ಶನಿವಾರ ಸಂಜೆ ನಾಲ್ಕೂ ಬ್ಯಾಗು ಅವನ ಮನೆಗೆ ಬರಬೇಕು. ಅವನೇ ಬಾಟಲಿ ತುಂಬಿ, ಕೊಕ್ಕೆಯ ತಕ್ಕಡಿಗೆ ನೇತುಹಾಕಿ ತೂಗಿ, ಜಿಪ್ಪಿನ ಎರಡು ಕೊಂಡಿಗೂ ತಂತಿ ಪೋಣಿಸಿ ಸೀಸದ ಸೀಲು ಒತ್ತುತ್ತಾನೆ. ತಾರಸಿಯಲ್ಲಿ ಅವನೇ ಒಡೆಯುತ್ತಾನೆ. ನಡುವೆ ಸೀಲು ಒಡೆದವರು ತಂಡದಿಂದ ಹೊರಗೆ, ಅದು ಯಾರೇ ಆಗಲಿ.

ಆ ಯಾರೇ ಆಗಲಿ ಎಂಬುದಕ್ಕೆ ಬಲಿಯಾದವಳು ಅವಳೇ. ಒಂದು ಭಾನುವಾರ ಹನ್ನೊಂದನೇ ಮಹಡಿ ದಾಟುವಾಗ ಅವಳ ಮೂಗಿನಿಂದ ರಕ್ತ ಸುರಿಯತೊಡಗಿತು. ಮುಂದಿದ್ದವರು ತಿರುವು ದಾಟಿ ಹೋಗಿದ್ದರು. ಕೂಗಿದಳು, ಯಾರಿಗೂ ಕೇಳಿಸಲಿಲ್ಲ. ಬಾಟಲಿಗಳ ಮೇಲೆ ಒಂದು ಟವೆಲು ಇಟ್ಟಿದ್ದು ನೆನಪಾಗಿ ಜಿಪ್ಪು ಎಳೆದಳು. ತಂತಿ ಕಿತ್ತುಬಂತು. ಅವಳು ಟವೆಲು ಒತ್ತಿಕೊಂಡೇ ಉಳಿದ ಮೆಟ್ಟಿಲುಗಳನ್ನೂ ಹತ್ತಿ ತಾರಸಿಗೆ ಬಂದಳು. ಒಂದು ಬಾಟಲಿಯನ್ನೂ ಕೆಳಗೆ ಬಿಟ್ಟಿರಲಿಲ್ಲ.

ಅವನು ಅವಳ ಮುಖ ನೋಡಲಿಲ್ಲ, ಸೀಲು ನೋಡಿದ. ಡ್ರೈವರು ಏನೋ ಹೇಳಲು ಹೋದವನು ಭಾವನ ಮುಖ ಕಂಡು ಬಾಯಿಗೆ ಬೀಗ ಹಾಕಿಕೊಂಡ. ತಂಗಿ ಕೂದಲು ಬಿಚ್ಚಿ ಮತ್ತೆ ಕಟ್ಟಿಕೊಳ್ಳುವುದರಲ್ಲಿ ಮುಳುಗಿದಳು.

"ರಕ್ತ ಬಂತು ರೀ," ಎಂದಳು ಅವಳು.

"ಬೆಟ್ಟದಲ್ಲಿ ಬರಲ್ವಾ? ಕಾನೂನು ಅಂದ್ರೆ ಕಾನೂನು ಕಣೇ. ನಿನ್ನಂಥೋರಿಂದಾನೇ ಉಳಿದೋರೂ ಸಾಯೋದು. ನಾವು ಮೂರೇ ಜನ ಹೋಗ್ತೀವಿ," ಎಂದು ಅವಳ ಬಾಟಲಿಗಳ ನೀರನ್ನು ಅವನೇ ಒಂದೊಂದಾಗಿ ಚೆಲ್ಲಿದ.

ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಅದನ್ನೂ ನುಂಗುತ್ತಿದ್ದಳೋ ಏನೋ. ಅವನು ಬಿಡುವ ಪೈಕಿಯಲ್ಲ. ಎರಡು ದಿನ ಕಳೆದ ಮೇಲೆ ಅವಳ ಬ್ಯಾಗನ್ನು ತಂದು ಅವಳ ಮಡಿಲಿಗೇ ಹಾಕಿದ. ಹೇಗೂ ಸುಮ್ಮನೆ ಬಿದ್ದಿರುತ್ತದೆ, ಬಿಚ್ಚಿ ಒಲೆಗೊಂದು ಚೀಲ ಮಾಡು, ಮಿಕ್ಕ ಬಟ್ಟೆಯಲ್ಲಿ ನನ್ನ ಬ್ಯಾಗಿನ ತಳಕ್ಕೆ ಇನ್ನೊಂದು ಪದರ ಕೊಡು, ಬಂಡೆಗೆ ಉಜ್ಜಿ ಸವೆಯುತ್ತದೆ ಎಂದ. ಅವಳು ಬಿಚ್ಚಿದಳು. ತಾನು ಹೊಲಿದ ಹೊಲಿಗೆ ತನಗೇ ಕಾಣದೆ ಬೆರಳಿನಲ್ಲಿ ತಡಕಾಡಬೇಕಾಯಿತು. ಪುಟ್ಟ ಜೇಬನ್ನು ಕೊನೆಗೆ ಕಿತ್ತಳು.

ಅವನ ಬ್ಯಾಗಿನ ತಳಕ್ಕೆ ಆ ಬಟ್ಟೆ ಕೂಡಿಸುವಾಗ ಎರಡು ಪದರಗಳ ನಡುವೆ ಕೈ ತೂರಿ ನೋಡಿದಳು. ಅಂಗೈ ಅಗಲದ ಜಾಗವಿತ್ತು. ಅಂಗಡಿಯ ಮೂಲೆಯಲ್ಲಿ ಮುರಿದ ಸೀಟುಗಳಿಂದ ಕಳಚಿದ ಕಬ್ಬಿಣದ ಚಪ್ಪಟೆ ಪಟ್ಟಿಗಳು ರಾಶಿ ಬಿದ್ದಿದ್ದವು. ಯೋಚನೆ ಬಂದದ್ದು ಹೀಗೆ, ಕೈಗೆ ಮೊದಲು, ತಲೆಗೆ ಆಮೇಲೆ.

ಶನಿವಾರ ಸಂಜೆ ಅವನು ತೂಗಿ ಸೀಲು ಒತ್ತುತ್ತಿದ್ದ. ಭಾನುವಾರ ಅವನು ಏಳುವ ಮೊದಲೇ ಅವಳು ಎದ್ದು ತಳದ ಹೊಲಿಗೆ ಬಿಚ್ಚಿ, ಚಿಂದಿಯಲ್ಲಿ ಸುತ್ತಿದ ಪಟ್ಟಿ ಒಳಗಿಟ್ಟು, ಅದೇ ತೂತುಗಳಲ್ಲಿ ದಾರ ಹಾಯಿಸಿ ಮುಚ್ಚುತ್ತಿದ್ದಳು. ಅಭ್ಯಾಸ ಮುಗಿಸಿ ಬಂದವನು ಬೆವರಿನ ಬ್ಯಾಗನ್ನು ತೊಳೆಯಲು ಅವಳ ಮುಂದೆ ಎಸೆಯುತ್ತಿದ್ದ. ಬಚ್ಚಲಲ್ಲಿ ಕೂತು ಪಟ್ಟಿ ತೆಗೆಯುತ್ತಿದ್ದಳು. ಹಾಗಾಗಿ ಮುಂದಿನ ಶನಿವಾರದ ತಕ್ಕಡಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮೊದಲ ವಾರ ಒಂದು ಪಟ್ಟಿ. ಅವನಿಗೆ ಗೊತ್ತಾಗಲಿಲ್ಲ. ಇನ್ನೊಂದು ಸೇರಿಸಿದಳು, ಮತ್ತೊಂದು ಸೇರಿಸಿದಳು.

ಆ ಭಾನುವಾರಗಳಲ್ಲಿ ಅವಳು ತಂಡಕ್ಕೆ ಕುಡಿಯಲು ಬಿಸಿನೀರು ಹಿಡಿದು ಕೆಳಗಿನ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಕಟ್ಟಡದ ಮೆಟ್ಟಿಲುಗೂಡಿನಲ್ಲಿ ಸದ್ದು ಚೆನ್ನಾಗಿ ಇಳಿದು ಬರುತ್ತದೆ. ಮೇಲಿನಿಂದ ತಂಗಿಯ ಹಗುರ ಹೆಜ್ಜೆ, ಡ್ರೈವರನ ಸಿಳ್ಳೆ, ಅವೆರಡರ ಹಿಂದೆ ದೂರದಲ್ಲಿ ಗಂಡನ ಏದುಸಿರು. ಎಲ್ಲರಿಗಿಂತ ಮುಂದಿರುತ್ತಿದ್ದವನು ಈಗ ಎಲ್ಲರಿಗಿಂತ ಹಿಂದೆ. ಅವಳು ತಲೆ ಬಾಗಿಸಿ ಆ ಏದುಸಿರನ್ನು ಕೇಳುತ್ತಿದ್ದಳು. ಸಂತೋಷವಾಗುತ್ತಿತ್ತು. ಇದನ್ನು ಮುಚ್ಚಿಟ್ಟು ಹೇಳಿದರೆ ಅವಳ ಕಥೆ ಹೇಳಿದ ಹಾಗಾಗುವುದಿಲ್ಲ. ಅಷ್ಟು ಸಂತೋಷ ಅವಳಿಗೆ ಆ ಮದುವೆಯಲ್ಲಿ ಇನ್ಯಾವುದರಿಂದಲೂ ಆಗಿರಲಿಲ್ಲ.

ಅವನು ಬ್ಯಾಗಿನ ತಳ ಬಿಚ್ಚಿ ನೋಡಬಹುದಿತ್ತು. ತಾರಸಿಯಲ್ಲಿ ನೀರು ಚೆಲ್ಲಿದ ಮೇಲೂ ಭಾರವಾಗೇ ಇದ್ದ ಬ್ಯಾಗಿನ ತಳವನ್ನು ಒಂದೇ ಸಲ ಒತ್ತಿ ನೋಡಿದ್ದರೆ ಸಾಕಿತ್ತು. ಆದರೆ ಅವನೇ ತೂಗಿದ ಬ್ಯಾಗು, ಅವನೇ ಒತ್ತಿದ ಸೀಲು. ಸೀಲು ಇಡಿಯಾಗಿದೆ ಎಂದ ಮೇಲೆ ತೂಕ ಸರಿಯಾಗೇ ಇದೆ. ತೂಕ ಸರಿಯಾಗಿದ್ದೂ ಹತ್ತಲಾಗುತ್ತಿಲ್ಲ ಎಂದರೆ ಕೆಟ್ಟಿರುವುದು ತನ್ನ ಮೈಯೇ. ಲಿಫ್ಟಿನ ವಿಷಯದಲ್ಲಿ ಜೀವನವಿಡೀ ಅವನು ಹೀಗೇ ಲೆಕ್ಕ ಹಾಕಿದ್ದ, ಎಂದೂ ತಪ್ಪಿರಲಿಲ್ಲ.

ಮಳೆಗಾಲ ಮುಗಿದು ಹೊರಡುವ ದಿನ ಹತ್ತಿರ ಬಂದಾಗ, ಒಂಬತ್ತನೇ ಮಹಡಿಯ ತಿರುವಿನಲ್ಲಿ ಅವನು ಗೋಡೆ ಹಿಡಿದು ಕುಸಿದು ಕೂತ. ತುಟಿ ಬಿಳಿಚಿಕೊಂಡಿತ್ತು. ಎದೆ, ಎದೆ ಎಂದ. ತಂಗಿ ಅವನನ್ನು ಒರಗಿಸಿಕೊಂಡು ಇಳಿಸಿದಳು. ಡ್ರೈವರು ಅವನ ಬ್ಯಾಗನ್ನು ತನ್ನ ಹೆಗಲಿಗೇರಿಸಿದವನು ಒಂದು ಕ್ಷಣ ವಾಲಿದ. ಕೆಳಗೆ ಬಂದು ಅದನ್ನು ದಬ್ಬಳದಕ್ಕನ ಕಾಲ ಬಳಿ ಇಳಿಸುವಾಗ ಮೆಲ್ಲಗೆ, "ಏನಕ್ಕ, ಇದರೊಳಗೆ ಲಿಫ್ಟನ್ನೇ ತುಂಬಿದ್ದಾರಾ?" ಎಂದ. ಅವಳು ಅವನ ಮುಖ ನೋಡಿದಳು. ಅವನೂ ನೋಡಿದ. ಆಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ಬೇರೆ ಕಡೆ ತಿರುಗಿದ.

ಡಾಕ್ಟರು ಎದೆಗೆ ತಂತಿಗಳನ್ನು ಅಂಟಿಸಿ ಇಸಿಜಿ ತೆಗೆದು, ಏನೂ ಇಲ್ಲ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದ್ದೀರಿ ಎಂದರು. ಸೀಲಣ್ಣ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಷ್ಟು ನಯವಾಗಿ ಮಾತಾಡಿದರೆ ದೊಡ್ಡದೇ ಏನೋ ಇದೆ, ಮುಚ್ಚಿಡುತ್ತಿದ್ದಾರೆ ಎಂದ. ಕೆಲಸದಲ್ಲಿ ಮೇಲಿನ ಯಂತ್ರದ ಕೋಣೆಗೆ ಹತ್ತುವುದು ಇನ್ನಾಗದು ಎಂದು ಬರೆದುಕೊಟ್ಟ. ಇಕ್ಕಳ ಇನ್ನೊಬ್ಬನ ಕೈಗೆ ಹೋಯಿತು. ಇವನಿಗೆ ಲಿಫ್ಟಿನೊಳಗೆ ಒಂದು ಸ್ಟೂಲು ಕೊಟ್ಟು, ಬಂದವರಿಗೆ ಬಟನ್ ಒತ್ತುವ ಕೆಲಸ ಹಾಕಿದರು. ನಾಲ್ಕು ದಿನ ಒತ್ತಿದ. ಆಮೇಲೆ ರಜೆ ಹಾಕಿ ಮನೆಯಲ್ಲೇ ಕುರ್ಚಿ ಹಿಡಿದ. ಕೂತು ಕೂತು ಕಾಲು ಸೋತವು. ಬಚ್ಚಲಿಗೆ ಹೋಗಿ ಬಂದರೂ ನಿಜವಾಗಿಯೇ ಏದುಸಿರು ಬರತೊಡಗಿತು. ಅವಳ ಪಟ್ಟಿಗಳೆಲ್ಲ ಆಗ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದವು.

ಯಾತ್ರೆ ನಿಲ್ಲಲಿಲ್ಲ. ಇಬ್ಬರಿಗೆ ಟೆಂಟು, ಒಲೆ, ಊಟ ಎಲ್ಲ ಹೊರುವುದು ಕಷ್ಟ, ಅತ್ತಿಗೆ ಬರಲಿ ಎಂದು ತಂಗಿ ಕೇಳಿದಳು. ಅವನು ಕಣ್ಣು ಮುಚ್ಚಿ ತಲೆಯಾಡಿಸಿ, ಹೋಗಲಿ, ನನ್ನ ಆಯುಸ್ಸಂತೂ ಮುಗಿಯಿತು ಎಂದ. ಅವಳು ಅಂದೇ ದಬ್ಬಳ ಹಿಡಿದಳು. ಒಲೆಯ ಚೀಲವನ್ನು ಬಿಚ್ಚಿದಳು, ಅವನ ಬ್ಯಾಗಿನ ತಳದ ಪದರವನ್ನೂ ಬಿಚ್ಚಿದಳು, ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಸೇರಿಸಿ ತನ್ನ ಬ್ಯಾಗನ್ನು ಮತ್ತೆ ಹೊಲಿದಳು. ಪುಟ್ಟ ಜೇಬನ್ನೂ ಇಟ್ಟಳು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅದನ್ನು ಹೊತ್ತೇ ಹೋಗುತ್ತಿದ್ದಳು. ಅಂಗಡಿಯವರು, ದಬ್ಬಳದಕ್ಕ ಮನೆ ಬಿಟ್ಟು ಹೊರಟಳು ಎಂದು ತಮಾಷೆ ಮಾಡಿದರೆ ಅವಳೂ ನಗುತ್ತಿದ್ದಳು. ಅವಳು ಬಾಯಿಬಿಟ್ಟು ನಕ್ಕದ್ದನ್ನು ಮಾಲೀಕ ಅದೇ ಮೊದಲು ನೋಡಿದ್ದು.

ಹೊರಡುವ ಹಿಂದಿನ ದಿನ ಸಂಜೆ ತಂಗಿ, ಡ್ರೈವರು ಬಂದರು. ಮೂರು ಬ್ಯಾಗುಗಳೂ ನಡುಮನೆಯಲ್ಲಿ ಸಾಲಾಗಿ ನಿಂತವು. ಸೀಲಣ್ಣ ಕುರ್ಚಿಯಲ್ಲಿ ಕೂತೇ ಒಂದೊಂದನ್ನೂ ನೋಡಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡ.

"ನೀನು ಹೋದ್ರೆ ನನ್ನ ನೋಡ್ಕೊಳ್ಳೋರು ಯಾರು?"

ಹೋಗು ಎಂದದ್ದು ಅವನೇ ಅಲ್ಲವೇ ಎಂದು ಅವಳು ತೊದಲಿದಳು. ಆಗ ಇಷ್ಟು ನೋವಿರಲಿಲ್ಲ, ನಿನ್ನೆಯಿಂದ ಹೆಚ್ಚಾಗಿದೆ ಎಂದ. ಗಂಡ ಇಲ್ಲಿ ಸಾಯುತ್ತಿದ್ದರೆ ಬೆಟ್ಟ ಸುತ್ತಲು ಹೋದವಳು ಎಂದು ಜನ ಆಡಿಕೊಳ್ಳಲಿ ಬಿಡು ಎಂದ. ತಂಗಿಯ ಕಣ್ಣು ತುಂಬಿ ಬಂದು, ಅಣ್ಣ ಹೀಗಿರುವಾಗ ಅತ್ತಿಗೆ ಹೇಗೆ ಬರ್ತಾರೆ ಎಂದು ಅವಳೇ ತೀರ್ಪು ಕೊಟ್ಟುಬಿಟ್ಟಳು. ದಬ್ಬಳದಕ್ಕ ತನ್ನ ಬ್ಯಾಗನ್ನು ನೋಡಿದಳು. ಅದು ಬಾಗಿಲಿಗೆ ಎಲ್ಲಕ್ಕಿಂತ ಹತ್ತಿರ ನಿಂತಿತ್ತು. ಇನ್ನು ಉಳಿದ ದಾರಿ ಒಂದೇ ಎಂದು ಅವಳಿಗೆ ತಿಳಿಯಿತು.

"ನಿಮ್ಮ ಎದೆಗೆ ಏನೂ ಆಗಿಲ್ಲ ರೀ. ನಿಮ್ಮ ಬ್ಯಾಗಲ್ಲಿ ನಾನು ಕಬ್ಬಿಣ ಇಡ್ತಿದ್ದೆ."

ಅವನು ಕೋಪಗೊಳ್ಳಲಿಲ್ಲ. ಸೀಲು ಎಂದ, ಅಷ್ಟೇ. ಸೀಲು ಮುಟ್ಟಲಿಲ್ಲ, ತಳ ಬಿಚ್ಚಿ ಹಾಕುತ್ತಿದ್ದೆ, ಮನೆಗೆ ಬಂದ ಮೇಲೆ ತೆಗೆಯುತ್ತಿದ್ದೆ ಎಂದು ಅವಳು ಬಿಡಿಸಿ ಬಿಡಿಸಿ ಹೇಳಿದಳು. ಅವನು ತನ್ನ ಬ್ಯಾಗನ್ನು ತರಿಸಿಕೊಂಡು ತೊಡೆಯ ಮೇಲೆ ಬೋರಲು ಹಾಕಿ, ಕನ್ನಡಕ ಏರಿಸಿ, ಉಗುರಿನಿಂದ ಕೆರೆದು ಕೆರೆದು ನೋಡಿದ. ಲಿಫ್ಟಿನ ಹಗ್ಗದ ಎಳೆ ಎಳೆಯನ್ನೂ ನೋಡಿ ಪಳಗಿದ ಕಣ್ಣು ಅದು. ಒಂದು ಹೆಚ್ಚಿನ ತೂತಿಲ್ಲ, ಒಂದು ಸಡಿಲ ದಾರವಿಲ್ಲ. ಪದರ ಬಿಚ್ಚಿದ ಗುರುತು ಸಹ ಇಲ್ಲ.

"ಎಲ್ಲಿ ಬಿಚ್ಚಿದ್ದೀಯ, ತೋರಿಸು," ಎಂದ.

ಅವಳು ಬೆರಳಿಟ್ಟು ತೋರಿಸಿದಳು. ಬೆರಳ ಕೆಳಗೆ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಅಂಗಡಿಯಿಂದ ಪಟ್ಟಿ ತಂದು ನಿಮ್ಮ ಕಣ್ಣೆದುರಿಗೇ ಹೊಲಿದು ತೋರಿಸುತ್ತೇನೆ ಎಂದಳು. ಈಗ ಹೊಲಿದರೆ ಆಗ ಹೊಲಿದ ಹಾಗಾಯಿತೇ ಎಂದ. ತಂಗಿ ಮುಖ ಕಿವಿಚಿ, ಹೋಗೋ ಆಸೆಗೆ ಇಂಥ ಮಾತೂ ಆಡ್ತಾರಾ ಎಂದು ಯಾರಿಗೋ ಹೇಳುವಂತೆ ಹೇಳಿದಳು. ಆಗ ಅವಳಿಗೆ ಡ್ರೈವರು ನೆನಪಾದ. ಒಬ್ಬ ಸಾಕ್ಷಿ ಇದ್ದ. ಆ ಬ್ಯಾಗನ್ನು ಒಂಬತ್ತನೇ ಮಹಡಿಯಿಂದ ಹೊತ್ತು ತಂದವನು, ವಾಲಿದವನು, ಕೇಳಿದವನು.

"ನೀವು ಹೇಳಿ. ಅವತ್ತು ಹೊತ್ತೋರು ನೀವೇ ಅಲ್ವಾ. ಎಷ್ಟು ಭಾರ ಇತ್ತು?"

ಡ್ರೈವರು ಸಾಲಾಗಿ ನಿಂತ ಬ್ಯಾಗುಗಳನ್ನು ನೋಡಿದ, ಭಾವನನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ.

"ಎಲ್ಲರ ಬ್ಯಾಗಿನ ಹಾಗೇ ಇತ್ತಕ್ಕ. ನನಗೇನೂ ಹೆಚ್ಚು ಅನ್ನಿಸಲಿಲ್ಲ."

ಸೀಲಣ್ಣ ಬ್ಯಾಗನ್ನು ಕೆಳಗಿಟ್ಟ. ನನ್ನನ್ನು ಎಬ್ಬಿಸಿ ಬೆಟ್ಟ ಹತ್ತಿಸಿ ಸಾಯಿಸಬೇಕು ಅಂತಿದ್ದೀಯ, ಇರಲಿ, ಕ್ಷಮಿಸಿದ್ದೇನೆ ಎಂದ. ಅವಳನ್ನು ಕ್ಷಮಿಸಿದ್ದು ಅವನ ಜೀವಮಾನದಲ್ಲಿ ಅದೊಂದೇ ಸಲ.

ಅವರು ಹೊರಟಾಗ ದಬ್ಬಳದಕ್ಕ ಮೆಟ್ಟಿಲಿಳಿದು ಗೇಟಿನವರೆಗೆ ಹಿಂದೆಯೇ ಹೋದಳು. ತಂಗಿಯನ್ನು ಮುಂದೆ ಬಿಟ್ಟು ಡ್ರೈವರು ನಿಂತ. ಅವನ ಮುಖದಲ್ಲಿ ಎಂದಿನ ನಗೆಯಿರಲಿಲ್ಲ, ನಾಚಿಕೆಯೂ ಇರಲಿಲ್ಲ.

"ನಿಜ ಹೇಳಿದ್ರೆ ಅವರು ನಾಳೆನೇ ಎದ್ದು ಹೊರಡ್ತಿದ್ರು ಅಕ್ಕ. ವಾರವೆಲ್ಲ ಅವರ ಜೊತೆ ಯಾರು ಸಾಯ್ತಾರೆ? ನೀವಿಲ್ಲದೇ ಇದ್ರೂ ನಮಗೆ ನಡೆಯುತ್ತೆ," ಎಂದು ಹೇಳಿ ಗೇಟು ಎಳೆದುಕೊಂಡು ಹೋದ.

ಅವಳು ಗೇಟಿನ ಚಿಲಕ ಹಾಕಿದಳು. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಎಂದು ಅನ್ನಿಸಿದ್ದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಮೇಲಿನಿಂದ ಗಂಡ ನೀರು ಕೇಳಿದ. ಹತ್ತಿ ಹೋದಳು.

ಮರುದಿನ ಇಬ್ಬರೇ ಹೊರಟರು. ಅವರು ಕಣಿವೆ ಬಿಟ್ಟು ಕಾಡಿನ ಏರು ಹಿಡಿದಿರಬೇಕು ಎನ್ನುವ ಹೊತ್ತಿಗೆ ಸೀಲಣ್ಣ, ಈ ಕುರ್ಚಿ ಬೆನ್ನಿಗೆ ಒತ್ತುತ್ತದೆ, ನಿನ್ನ ಬ್ಯಾಗು ಹೇಗೂ ಸುಮ್ಮನೆ ಬಿದ್ದಿದೆಯಲ್ಲ, ಬಿಚ್ಚಿ ಒಂದು ದಿಂಬು ಮಾಡಿಕೊಡು ಎಂದ. ಅವಳು ಎರಡನೇ ಸಲ ಆ ಬ್ಯಾಗನ್ನು ಬಿಚ್ಚಿದಳು. ಚಿಂದಿ ತುಂಬಿದಳು. ಪುಟ್ಟ ಜೇಬನ್ನು ಕೀಳಲು ಕೈ ಬರಲಿಲ್ಲ, ಅದನ್ನು ಒಳಮುಖವಾಗಿಟ್ಟು ಮೇಲೆ ಹೊಲಿದುಬಿಟ್ಟಳು. ಹಳೆಯ ತೂತುಗಳಲ್ಲೇ ದಾರ ಹಾಯಿಸಿದಳು. ಬೇರೆ ಥರ ಹೊಲಿಯಲು ಅವಳ ಕೈಗೆ ಬರುತ್ತಲೇ ಇರಲಿಲ್ಲ.

ಅವರಿಂದ ಫೋನು ಬಂದದ್ದು ಕಂಡಿ ಇಳಿಯುವ ಮುನ್ನ. ಮೇಲೆ ಫೋನು ಹತ್ತುತ್ತದೆ ಎಂದು ಸೀಲಣ್ಣ ಗೋಡೆಯ ಮೇಲೆ ಬರೆದದ್ದು ಸರಿಯಾಗಿತ್ತು. ತಂಗಿ ಏನೇನೋ ಕೂಗುತ್ತಿದ್ದಳು, ಗಾಳಿಗೆ ಮಾತು ಸಿಕ್ಕುತ್ತಿರಲಿಲ್ಲ. ದಬ್ಬಳದಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದು ಗಾಳಿಯನ್ನೇ ಕೇಳಿಸಿಕೊಳ್ಳುತ್ತ ನಿಂತಳು. ಎರಡು ಕಡೆಯ ಜಗತ್ತೂ ಕಾಣುತ್ತದಾ ಎಂದು ಕೇಳಬೇಕೆಂದಿದ್ದಳು.

"ಸಾಕು, ಇಡು ಅದನ್ನ. ಆ ಸದ್ದಿಗೆ ನನ್ನ ಎದೆ ಹೊಡ್ಕೊಳ್ಳುತ್ತೆ," ಎಂದ ಗಂಡ.

ಅವಳು ಇಟ್ಟಳು. ಅವನು ದಿಂಬನ್ನು ಬೆನ್ನಿನಿಂದ ಎಳೆದು ತಿರುಗಿಸಿ ತಿರುಗಿಸಿ ನೋಡಿ, ಮತ್ತೆ ಬೆನ್ನಿಗೆ ಕೊಟ್ಟು ಹಾಯಾಗಿ ಒರಗಿದ. ಅಷ್ಟು ವರ್ಷಗಳಲ್ಲಿ ಅವಳ ಕೈಕೆಲಸವನ್ನು ಅವನು ಹೊಗಳಿದ್ದು ಆಗಲೇ.

"ಚೆನ್ನಾಗಿ ಹೊಲಿದಿದ್ದೀಯ ಕಣೇ. ಹೊಲಿಗೆ ಎಲ್ಲಿದೆ ಅಂತಾನೇ ಕಾಣಲ್ಲ."

ಅವಳು ಅವನ ಮಾತ್ರೆಗೆ ನೀರು ತರಲು ಒಳಗೆ ಹೋದಳು.